ಮೀನುಗಾರಿಕೆಯ ಹರಿಗೋಲು

ಮೀನುಗಾರಿಕೆಯ ಹರಿಗೋಲು ಎಂಬುದು ನದಿ, ಕೆರೆ ಹಾಗೂ ಜಲಾಶಯಗಳಲ್ಲಿ ಬಲೆ ಬಿಡಲು ಬಳಸುವ, ದುಂಡಗಿನ ಬುಟ್ಟಿಯ ಆಕಾರದ ಸಣ್ಣ ದೋಣಿಯಾಗಿದೆ. ಹರಗೋಲು ಎಂಬ ರೂಪವೂ ಬಳಕೆಯಲ್ಲಿದೆ. ಕರ್ನಾಟಕದ ಒಳನಾಡು ಮೀನುಗಾರರು ಕೃಷ್ಣಾ, ತುಂಗಭದ್ರಾ ಮತ್ತು ಕಾವೇರಿ ನದಿಗಳಲ್ಲಿ ಇದನ್ನು ಬಳಸುತ್ತಾರೆ. ಪಾಶ್ಚಾತ್ಯ ದೇಶಗಳಲ್ಲಿ ಹವ್ಯಾಸಿ ಮೀನುಗಾರರು ಬಳಸುವ ಕಯಾಕ್‌ಗೆ ಇಲ್ಲಿನ ಸಮೀಪದ ಸಾಧನ ಇದೇ ಆಗಿದೆ.

ಇತಿಹಾಸ

ಹದಿನಾರನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಬೆತ್ತದಿಂದ ಹೆಣೆದು ಹೊರಗೆ ಚರ್ಮ ಹೊದಿಸಿದ ಬುಟ್ಟಿಯಂತಹ ದೋಣಿಗಳಲ್ಲಿ ಜನರು ನದಿ ದಾಟುತ್ತಿದ್ದುದನ್ನು ವರ್ಣಿಸಿದ್ದಾನೆ. ಅವು ಗಿರಗಿರನೆ ತಿರುಗುತ್ತಾ ಸಾಗುತ್ತಿದ್ದವೆಂದೂ ಆತ ದಾಖಲಿಸಿದ್ದಾನೆ. ಕಯಾಕ್ ಸಹ ಮೂಲತಃ ಚರ್ಮದ ದೋಣಿಯೇ. ಉತ್ತರ ಧ್ರುವ ಪ್ರದೇಶದ ಇನ್ಯೂಯಿಟ್ ಮೊದಲಾದ ಸಮುದಾಯಗಳು ಬೇಟೆಗಾಗಿ ಸೀಲ್ ಪ್ರಾಣಿಯ ಚರ್ಮದಿಂದ ಅದನ್ನು ರಚಿಸುತ್ತಿದ್ದವು.

ವಿಜಯಪುರ ಪರಿಸರ

ವಿಜಯಪುರ ಜಿಲ್ಲೆಯು ಮಳೆ ನೆರಳಿನ ಪ್ರದೇಶದಲ್ಲಿದ್ದು, ಬರಗಾಲಕ್ಕೆ ಪದೇ ಪದೇ ತುತ್ತಾಗಿದೆ. ಉತ್ತರದಲ್ಲಿ ಭೀಮಾ, ದಕ್ಷಿಣದಲ್ಲಿ ಕೃಷ್ಣಾ, ನಡುವೆ ಡೋಣಿ ನದಿಗಳು ಹರಿಯುತ್ತವೆ. ಹಿಂದಿನ ವಿಜಯಪುರ ತಾಲ್ಲೂಕಿನಿಂದ ಬೇರ್ಪಟ್ಟ ತಿಕೋಟಾ ಮತ್ತು ಬಬಲೇಶ್ವರ ತಾಲ್ಲೂಕುಗಳ ಕೆರೆಗಳಿಗೆ ಮುಳವಾಡ ಹಾಗೂ ತುಬಚಿ–ಬಬಲೇಶ್ವರ ಏತ ನೀರಾವರಿ ಯೋಜನೆಗಳಿಂದ ಕೃಷ್ಣಾ ನೀರು ಬರತೊಡಗಿತು. ಆದಿಲ್ ಶಾಹಿ ಕಾಲದ ಮಮದಾಪುರ ಕೆರೆಯೂ ಈ ಪ್ರದೇಶದಲ್ಲಿದೆ. ನೀರು ನಿಲ್ಲುವ ಕೆರೆಗಳಲ್ಲಿ ಕಾಟ್ಲಾ, ರೋಹು, ಮೃಗಾಲ್ ಮೊದಲಾದ ಮೀನುಗಳ ಸಾಕಣೆ ಸಾಧ್ಯವಾಗುತ್ತದೆ. ಜೊತೆಗೆ, ಬತ್ತಿದ ತಳವನ್ನಷ್ಟೇ ಕಂಡಿದ್ದವರಿಗೆ ಆಳದ ನೀರಿನ ಅಪಾಯವೂ ಹೊಸದಾಗಿರುತ್ತದೆ.

ರಚನೆ

ಸಾಂಪ್ರದಾಯಿಕ ಹರಿಗೋಲಿನ ಚೌಕಟ್ಟನ್ನು ಬಿದಿರಿನ ಸೀಳುಗಳಿಂದ ಹೆಣೆಯಲಾಗುತ್ತದೆ. ಹಿಂದೆ ಅದಕ್ಕೆ ಎಮ್ಮೆ ಅಥವಾ ಎತ್ತಿನ ಚರ್ಮವನ್ನು ಹೊದಿಸುತ್ತಿದ್ದರು. ಈಗ ಡಾಂಬರು ಬಳಿದ ಪ್ಲಾಸ್ಟಿಕ್ ಹಾಳೆ ಬಳಕೆಯಲ್ಲಿದೆ. ಫೈಬರ್ ಗ್ಲಾಸ್ ಹರಿಗೋಲುಗಳೂ ಪ್ರಚಾರದಲ್ಲಿದ್ದು, ಮೀನುಗಾರಿಕೆ ಇಲಾಖೆಯು ತನ್ನ ಯೋಜನೆಗಳಡಿ ಇವುಗಳನ್ನು ವಿತರಿಸಿದೆ. ಫೈಬರ್ ಗ್ಲಾಸ್ ಕೊಳೆಯುವುದಿಲ್ಲ. ಆದರೆ ಅದು ನೀರಿಗಿಂತ ಭಾರವಾದ ವಸ್ತುವಾದ್ದರಿಂದ, ಗಾಳಿಯ ಕೋಶ ಅಥವಾ ಫೋಮ್ ಅಳವಡಿಸದ ದೋಣಿ ನೀರು ತುಂಬಿದರೆ ಮುಳುಗಬಲ್ಲದು. ಬಿದಿರು ಸ್ವತಃ ತೇಲುತ್ತದೆ.

ಆಯ್ಕೆಯ ಮಾನದಂಡಗಳು

ಮೊದಲ ಬಾರಿಗೆ ದೋಣಿ ಕೊಳ್ಳುವವರು ಮುಖ್ಯವಾಗಿ ಅದರಲ್ಲಿ ಎಷ್ಟು ಮಂದಿ ಕುಳಿತುಕೊಳ್ಳುವರು ಎಂಬುದನ್ನು ಪರಿಗಣಿಸಬೇಕಾಗುತ್ತದೆ.

ಒಬ್ಬರ ಬಳಕೆ: ಸುಮಾರು 2 ಮೀಟರ್ ವ್ಯಾಸದ ಹರಿಗೋಲು ಒಬ್ಬ ಮೀನುಗಾರನಿಗೆ ಮತ್ತು ಬಲೆಗೆ ಸಾಕಾಗುತ್ತದೆ. ಇದನ್ನು ಒಬ್ಬರೇ ಹೊತ್ತೊಯ್ಯಬಹುದು. ತಳ ಚಪ್ಪಟೆಯಾಗಿರುವುದರಿಂದ ಆಳವಿಲ್ಲದ ಅಂಚಿನಲ್ಲಿಯೂ ತೇಲುತ್ತದೆ. ಎರೆಮಣ್ಣಿನ ಕೆಸರು ದಂಡೆಗಳಲ್ಲಿ ಈ ಹಗುರತನ ಪ್ರಯೋಜನಕಾರಿಯಾಗಿದೆ.

ಕುಟುಂಬದ ಬಳಕೆ: ಒಬ್ಬರಿಗೆ ತಕ್ಕ ದೋಣಿಯಲ್ಲಿ ಇನ್ನಿಬ್ಬರು ಕುಳಿತರೆ ಅದರ ಅಂಚು ನೀರಿನ ಮಟ್ಟಕ್ಕೆ ಸಮೀಪಿಸುತ್ತದೆ. ಮೀನು ತುಂಬಿದ ಬಲೆಯನ್ನು ಎಳೆಯುವಾಗ ಎಲ್ಲರೂ ಒಂದೇ ಬದಿಗೆ ಬಾಗಿದರೆ ದೋಣಿ ಮಗುಚುತ್ತದೆ. ಆದ್ದರಿಂದ ಜೊತೆಯಲ್ಲಿ ಮಕ್ಕಳಿದ್ದರೆ 2.5 ಮೀಟರ್ ಅಥವಾ ಅದಕ್ಕೂ ಅಗಲವಾದ ಹರಿಗೋಲು ಸೂಕ್ತ. ಎಲ್ಲರೂ ತಳದಲ್ಲಿಯೇ ಕುಳಿತಿರಬೇಕು. ಬಲೆ ಬಿಡುವ ಕೆಲಸವನ್ನು ಬೇರೆ ಸಮಯದಲ್ಲಿ ಮಾಡುವುದು ಕ್ಷೇಮಕರ.

ನಡೆಸುವ ವಿಧಾನ: ದುಂಡಗಿನ ದೋಣಿಯ ಒಂದು ಬದಿಯಲ್ಲಿ ಹುಟ್ಟು ಹಾಕಿದರೆ ಅದು ಸುತ್ತುತ್ತದೆ. ಹುಟ್ಟನ್ನು ಮುಂಭಾಗದಲ್ಲಿಳಿಸಿ, ನೀರನ್ನು ತನ್ನತ್ತ ಎಳೆದುಕೊಳ್ಳುವುದನ್ನು ಕಲಿಯಬೇಕಾಗುತ್ತದೆ.

ಕಯಾಕ್‌ನೊಂದಿಗೆ ಹೋಲಿಕೆ

ಕಯಾಕ್ ಉದ್ದವಾಗಿರುವುದರಿಂದ ನೇರವಾಗಿಯೂ ವೇಗವಾಗಿಯೂ ಸಾಗುತ್ತದೆ. ಮೀನುಗಾರಿಕೆಗೆ ಸಾಮಾನ್ಯವಾಗಿ 10ರಿಂದ 12 ಅಡಿ ಉದ್ದದ, ಮೇಲೆ ಕುಳಿತುಕೊಳ್ಳುವ ಅಗಲವಾದ ಮಾದರಿಗಳನ್ನು ಆರಿಸಲಾಗುತ್ತದೆ. ಇಬ್ಬರು ಕೂರುವ ಮಾದರಿಗಳು ಇನ್ನೂ ಉದ್ದವಾಗಿದ್ದು, ಒಬ್ಬರೇ ಎತ್ತಿ ಸಾಗಿಸುವುದು ಕಷ್ಟ. ತಯಾರಕರು ಸೂಚಿಸಿದ ಗರಿಷ್ಠ ಭಾರದಲ್ಲಿ ವ್ಯಕ್ತಿಗಳ ತೂಕದೊಂದಿಗೆ ಸಲಕರಣೆ ಹಾಗೂ ಮೀನಿನ ತೂಕವೂ ಸೇರುತ್ತದೆ. ಆ ಮಿತಿಯವರೆಗೂ ಭಾರ ಹೇರದಿರುವುದು ಒಳ್ಳೆಯದು.

ಸುರಕ್ಷತೆ ಮತ್ತು ಅನುಮತಿ

ಮುಂಗಾರಿನ ತಿಂಗಳುಗಳಲ್ಲಿ ಬಯಲುಸೀಮೆಯಲ್ಲಿ ಗಾಳಿ ಜೋರಾಗಿ ಬೀಸುತ್ತದೆ. ಹಗುರವಾದ ಹರಿಗೋಲು ದಡದಿಂದ ದೂರಕ್ಕೆ ತಳ್ಳಲ್ಪಡಬಹುದು. ಆಲಮಟ್ಟಿ ಜಲಾಶಯದ ಹಿನ್ನೀರಿನ ಮಟ್ಟವು ಋತುವಿಗನುಗುಣವಾಗಿ ಬದಲಾಗುವುದರಿಂದ, ಮುಳುಗಿದ ಗಿಡಮರಗಳು ದೋಣಿಯ ತಳಕ್ಕೆ ತಾಗುವ ಸಾಧ್ಯತೆಯಿದೆ. ಕೆರೆಗಳಲ್ಲಿ ಮೀನು ಹಿಡಿಯುವ ಹಕ್ಕನ್ನು ಗುತ್ತಿಗೆ ಅಥವಾ ಹರಾಜಿನ ಮೂಲಕ ನೀಡಲಾಗುವುದರಿಂದ, ದೋಣಿ ಇಳಿಸುವ ಮೊದಲು ಗ್ರಾಮ ಪಂಚಾಯಿತಿ ಅಥವಾ ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸಬೇಕು. ವಿಜಯಪುರ ನಗರದ ಭೂತನಾಳ ಕೆರೆಯಂತಹ ಕುಡಿಯುವ ನೀರಿನ ಮೂಲಗಳ ವಿಷಯದಲ್ಲಿ ಇದು ವಿಶೇಷವಾಗಿ ಮುಖ್ಯ. ಈಜು ಬಲ್ಲವರೂ ಸೇರಿದಂತೆ ಪ್ರತಿಯೊಬ್ಬರೂ ತಮ್ಮ ತೂಕಕ್ಕೆ ಹೊಂದುವ ಜೀವರಕ್ಷಕ ಕವಚವನ್ನು ಧರಿಸಿರಬೇಕು. ದೊಡ್ಡವರ ಕವಚ ಮಗುವಿನ ಮೈಯಿಂದ ಜಾರಿಹೋಗುತ್ತದೆ. ಮಕ್ಕಳಿಗೆ ಅವರ ಅಳತೆಯದೇ ಬೇಕು.