ಹಳೆ ಜೀಪಿನ ಲೆಕ್ಕ: ಕೊಳ್ಳುವ ಮೊದಲು, ಬಿಚ್ಚುವ ಮೊದಲು

ನಮ್ಮ ಮಲೆನಾಡಿನಲ್ಲಿ ಜೀಪು ಶೋಕಿಯ ಗಾಡಿಯಲ್ಲ. ತೋಟದ ಕೆಲಸಗಾರರು, ಗೊಬ್ಬರದ ಚೀಲ, ಮದುವೆಯ ಡೇಗೆ, ಕಳಸದ ಕಡೆ ಬೆಟ್ಟ ಹತ್ತಲು ಬರುವ ಪ್ರವಾಸಿಗರು, ಎಲ್ಲವನ್ನೂ ಅದೇ ಹೊರುತ್ತದೆ. ನನ್ನ ನಾನಿಯ ಮನೆ ಗುಡ್ಡದ ಮೇಲಿದೆ. ಕೊನೆಯ ಎರಡು ಕಿಲೋಮೀಟರ್ ಮಣ್ಣುರಸ್ತೆ. ಜೂನ್ ಬಂತೆಂದರೆ ಆಟೊದವರು ಅಲ್ಲಿಗೆ ಬರುವುದಿಲ್ಲ. ನಾನಿ ತಿಂಗಳಿಗೆ ಎರಡು ಸಲ ಆಸ್ಪತ್ರೆಗೆ ಹೋಗಲೇಬೇಕು. ಅದಕ್ಕಾಗಿ ಮಾಮೂ 1994ರ ಮಹೀಂದ್ರಾ ಎಂಎಂ 540 ಜೀಪು ಕೊಂಡರು. ಅರ್ಧ ಹಣ ಅಬ್ಬಾ ಕೊಟ್ಟರು. ಅದರಲ್ಲಿ ನನ್ನ ಡಿಗ್ರಿಗೆಂದು ತೆಗೆದಿಟ್ಟ ಹಣವೂ ಇದ್ದುದರಿಂದ ಲೆಕ್ಕದ ಪುಸ್ತಕ ನನ್ನ ಕೈಗೆ ಬಂತು. ಎಂಟು ತಿಂಗಳು ಭಾನುವಾರಗಳಲ್ಲಿ ಅಂಗಳದಲ್ಲೇ ಕೆಲಸ ನಡೆಯಿತು. ಹಳೆ ಜೀಪಿನ ಆಸೆ ಇರುವ ಸ್ನೇಹಿತರು ನಮ್ಮ ಕಾಲೇಜಿನಲ್ಲಿ ಬಹಳ ಜನ ಇದ್ದಾರೆ. ಅವರಿಗಾಗಿ, ನಾನು ಕಲಿತದ್ದನ್ನು ಕ್ರಮವಾಗಿ ಬರೆಯುತ್ತಿದ್ದೇನೆ.

ಜೀಪು ಬಂದ ದಾರಿ

ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯಕ್ಕಾಗಿ ವಿಲ್ಲೀಸ್ ಕಂಪನಿ ಮಾಡಿದ ಗಾಡಿಯೇ ಇದರ ಮೂಲ. ಭಾರತಕ್ಕೆ ಅದನ್ನು ತಂದದ್ದು ಮಹೀಂದ್ರಾ ಕಂಪನಿ. 1945ರಲ್ಲಿ ಆರಂಭವಾದಾಗ ಅದರ ಹೆಸರು ‘ಮಹೀಂದ್ರಾ ಆ್ಯಂಡ್ ಮೊಹಮ್ಮದ್’. ಪಾಲುದಾರ ಗುಲಾಂ ಮೊಹಮ್ಮದ್ ದೇಶ ವಿಭಜನೆಯ ನಂತರ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿಯಾದರು. 1948ರಲ್ಲಿ ಕಂಪನಿ ‘ಮಹೀಂದ್ರಾ ಆ್ಯಂಡ್ ಮಹೀಂದ್ರಾ’ ಆಯಿತು. ಮೊದಲು ಬಿಡಿಭಾಗಗಳನ್ನು ತರಿಸಿ ಜೋಡಿಸುತ್ತಿದ್ದರು, ಆಮೇಲೆ ಇಲ್ಲೇ ತಯಾರಿಸಿದರು. ನಮ್ಮ ಎಂಎಂ 540ರಲ್ಲಿರುವುದು ಪೂಜೋ ಮೂಲದ 2112 ಸಿಸಿ ಡೀಸೆಲ್ ಇಂಜಿನ್. ಇಷ್ಟು ವರ್ಷ ಒಂದೇ ಬಗೆಯ ಗಾಡಿ ತಯಾರಾದದ್ದರಿಂದ ಸಾಮಾನು ಈಗಲೂ ಸಿಗುತ್ತದೆ. ಹೊಸದು ಸಿಗದಿದ್ದರೆ ಗುಜರಿಯಲ್ಲಿ ಸಿಗುತ್ತದೆ. ಮನೆಯಲ್ಲೇ ರಿಪೇರಿ ಮಾಡಬಹುದು ಎಂಬ ಧೈರ್ಯಕ್ಕೆ ಇದೇ ಕಾರಣ.

ಮೊದಲು ಕಾಗದ

ಎಲ್ಲರೂ ಬಾನೆಟ್ ಎತ್ತಿ ಇಂಜಿನ್ ನೋಡುತ್ತಾರೆ. ಮಾಮೂ ಮೊದಲು ಆರ್‌ಸಿ ಕೇಳುತ್ತಿದ್ದರು. ಇಂಜಿನ್ ಕೆಟ್ಟರೆ ದುಡ್ಡು ಕೊಟ್ಟು ಸರಿಮಾಡಬಹುದು, ಕಾಗದ ಕೆಟ್ಟಿದ್ದರೆ ಎಷ್ಟು ದುಡ್ಡು ಸುರಿದರೂ ಗಾಡಿ ರಸ್ತೆಗೆ ಇಳಿಯುವುದಿಲ್ಲ.

ನಾವು ನೋಡಿದ ಮೊದಲ ಜೀಪು ಬಹಳ ಚೆಂದವಿತ್ತು. ಹೊಸ ಪೇಂಟ್, ದಪ್ಪ ಟೈರು, ಬೆಲೆ 80,000 ರೂ. ಮಾತ್ರ. ಆದರೆ ಚಾಸಿಯ ಮೇಲೆ ಕೊರೆದ ನಂಬರಿಗೂ ಆರ್‌ಸಿಯಲ್ಲಿದ್ದ ನಂಬರಿಗೂ ಕೊನೆಯ ಎರಡು ಅಂಕಿ ಹೊಂದಲಿಲ್ಲ. ಮಾಮೂ ಚಹಾ ಕುಡಿದು, ಸಲಾಂ ಹೇಳಿ ಎದ್ದು ಬಂದರು. ಒಂದು ಗಾಡಿಯ ಚಾಸಿಗೆ ಇನ್ನೊಂದರ ಕಾಗದ ಸೇರಿಸಿ ಮಾರುವುದು ಹಳೆ ಜೀಪುಗಳಲ್ಲಿ ಇರುವ ದೊಡ್ಡ ಅಪಾಯ.

ನೋಡಬೇಕಾದದ್ದು ಇಷ್ಟು. ಚಾಸಿ ನಂಬರ್ ಮತ್ತು ಇಂಜಿನ್ ನಂಬರ್ ಎರಡೂ ಆರ್‌ಸಿಗೆ ಹೊಂದಬೇಕು. ಸಾರಿಗೆ ಇಲಾಖೆಯ ಆನ್‌ಲೈನ್ ದಾಖಲೆಯಲ್ಲಿ ಗಾಡಿ ಕಾಣಬೇಕು. ಖಾಸಗಿ ಗಾಡಿಯ ನೋಂದಣಿ ಮೊದಲು 15 ವರ್ಷಕ್ಕೆ ಇರುತ್ತದೆ, ಆಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು. ನವೀಕರಣಕ್ಕೆ ಫಾರಂ 25, ಮಾಲೀಕತ್ವ ಬದಲಿಸಲು ಫಾರಂ 29 ಮತ್ತು 30. ಹಳೆಯ ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿದ್ದರೆ ಫಾರಂ 35 ಬೇಕು.

ಗಾಡಿಯ ಮೂಲ ರೂಪ ಬದಲಿಸುವಂತಿಲ್ಲ ಎನ್ನುವುದೂ ಗೊತ್ತಿರಲಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದನ್ನೇ ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿದಿದೆ. ‘ವಿಂಟೇಜ್’ ನೋಂದಣಿಯ ಬಗ್ಗೆ ಕೆಲವರು ಕೇಳುತ್ತಾರೆ. 2021ರ ನಿಯಮದಂತೆ ಅದು 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಗಳಿಗೆ ಮಾತ್ರ. ಅವನ್ನು ದಿನಬಳಕೆಗೆ ಓಡಿಸುವಂತಿಲ್ಲ. ನಾನಿಯನ್ನು ಆಸ್ಪತ್ರೆಗೆ ಕರೆದೊಯ್ಯಲು ಅದು ಪ್ರಯೋಜನಕ್ಕೆ ಬಾರದು.

ಆಮೇಲೆ ಚಾಸಿ, ಕೊನೆಗೆ ಇಂಜಿನ್

ಜೀಪಿನ ಬೆನ್ನೆಲುಬು ಏಣಿಯ ಆಕಾರದ ಚಾಸಿ. ಬಾಡಿ ಅದರ ಮೇಲೆ ಬೋಲ್ಟಿನಿಂದ ಕೂತಿರುತ್ತದೆ. ಬಾಡಿಯ ತಗಡು ತುಕ್ಕು ಹಿಡಿದಿದ್ದರೆ ಟಿಂಕರಿಂಗ್ ಮಾಡಿಸಬಹುದು. ಚಾಸಿ ತಿಂದುಹೋಗಿದ್ದರೆ ಆ ಗಾಡಿ ಬೇಡ. ಮಾಮೂ ಒಂದು ಸಣ್ಣ ಸುತ್ತಿಗೆ ಹಿಡಿದು ಕೆಳಗೆ ಮಲಗುತ್ತಿದ್ದರು. ಗಟ್ಟಿ ಕಬ್ಬಿಣ ಟಣ್ ಎನ್ನುತ್ತದೆ, ಒಳಗೇ ತುಕ್ಕು ತಿಂದ ಕಬ್ಬಿಣ ಡಬ್ ಎನ್ನುತ್ತದೆ. ಕಮಾನು ಪಟ್ಟಿ ಚಾಸಿಗೆ ಸೇರುವ ಜಾಗ ಮತ್ತು ಹಿಂದಿನ ಅಡ್ಡಪಟ್ಟಿ ಮುಖ್ಯ. ಮಣ್ಣು, ನೀರು ನಿಲ್ಲುವುದು ಅಲ್ಲೇ.

ಇಂಜಿನನ್ನು ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಬೇಕು. ಮಾರುವವರು ಮೊದಲೇ ಬಿಸಿ ಮಾಡಿಟ್ಟಿದ್ದರೆ ದೋಷ ಗೊತ್ತಾಗುವುದಿಲ್ಲ. ನೀಲಿ ಹೊಗೆ ಬಂದರೆ ಇಂಜಿನ್ ಆಯಿಲ್ ಉರಿಯುತ್ತಿದೆ ಎಂದರ್ಥ. ಓಡುತ್ತಿರುವಾಗ ಆಯಿಲ್ ಮುಚ್ಚಳ ತೆಗೆದರೆ ಹೊಗೆ ಜೋರಾಗಿ ನುಗ್ಗುತ್ತಿದ್ದರೆ ಪಿಸ್ಟನ್ ರಿಂಗು ಸವೆದಿದೆ. ಗೇರ್‌ಬಾಕ್ಸ್ ಅಥವಾ ಹೌಸಿಂಗಿನ ಆಯಿಲ್ ಹಾಲು ಬೆರೆಸಿದ ಚಹಾದಂತೆ ಕಂಡರೆ ಒಳಗೆ ನೀರು ಸೇರಿದೆ.

ನಾಲ್ಕು ಚಕ್ರಕ್ಕೂ ಶಕ್ತಿ ಹೋಗುತ್ತಿದೆಯೇ ಎಂದು ಮಣ್ಣಿನ ನೆಲದಲ್ಲಿ ಪರೀಕ್ಷಿಸಬೇಕು, ಡಾಂಬರಿನ ಮೇಲೆ ಅಲ್ಲ. ಜೀಪು ತಿರುಗುವಾಗ ಮುಂದಿನ ಚಕ್ರ ಮತ್ತು ಹಿಂದಿನ ಚಕ್ರ ಬೇರೆಬೇರೆ ದೂರ ಓಡುತ್ತವೆ. ಮಣ್ಣಿನಲ್ಲಿ ಚಕ್ರ ಸ್ವಲ್ಪ ಜಾರಿ ವ್ಯತ್ಯಾಸ ಸರಿಹೋಗುತ್ತದೆ. ಡಾಂಬರಿನಲ್ಲಿ ಜಾರಲು ಅವಕಾಶ ಇಲ್ಲದ್ದರಿಂದ ಆ ಎಳೆತವೆಲ್ಲ ಶಾಫ್ಟು, ಗೇರುಗಳ ಮೇಲೆ ಬೀಳುತ್ತದೆ. ‘ಲೋ’ ಹಾಕಿದಾಗ ವೇಗ ಕಡಿಮೆಯಾಗಿ ಎಳೆಯುವ ಬಲ ಹೆಚ್ಚುತ್ತದೆ. ನಾನಿಯ ಮನೆಯ ಏರು ಹತ್ತಲು ಬೇಕಾದದ್ದು ಇದೇ.

ಅಂಗಳದಲ್ಲಿ ಆಗುವ ಕೆಲಸ, ಆಗದ ಕೆಲಸ

ಬಿಚ್ಚುವುದು, ತೊಳೆಯುವುದು, ತುಕ್ಕು ಉಜ್ಜುವುದು, ರೆಡ್ ಆಕ್ಸೈಡ್ ಹಚ್ಚುವುದು, ಆಯಿಲ್ ಬದಲಿಸುವುದು, ಬ್ರೇಕ್ ಜೋಡಿಸುವುದು, ಇವೆಲ್ಲ ಮನೆಯಲ್ಲಿ ಆದವು. ಚಾಸಿಗೆ ವೆಲ್ಡಿಂಗ್, ಟಿಂಕರಿಂಗ್, ಲೇತ್ ಕೆಲಸ ಮತ್ತು ಪೇಂಟ್ ಹೊರಗೆ ಮಾಡಿಸಿದೆವು. ಬಿಚ್ಚುವ ಮೊದಲು ಪ್ರತಿ ಭಾಗದ ಫೋಟೊ ತೆಗೆದೆ. ನಟ್ಟು ಬೋಲ್ಟುಗಳನ್ನು ಅಮ್ಮಿಯ ಹಳೆ ಉಪ್ಪಿನಕಾಯಿ ಡಬ್ಬಿಗಳಲ್ಲಿ ಹಾಕಿ ಚೀಟಿ ಅಂಟಿಸಿದೆ. ಮಿಸ್ತ್ರಿ ‘ಪಾನಾ’ ಅಂದರೆ ಮಾಮೂವಿಗೆ ಅರ್ಥವಾಗುತ್ತಿತ್ತು, ‘ಸ್ಪ್ಯಾನರ್’ ಅಂದರೆ ನನಗೆ. ಎರಡೂ ಒಂದೇ ಎಂದು ಮೊದಲ ಭಾನುವಾರವೇ ಗೊತ್ತಾಯಿತು.

ಕೆಲಸದ ಕ್ರಮದಲ್ಲಿ ಬ್ರೇಕ್ ಮೊದಲು, ಪೇಂಟ್ ಕೊನೆಗೆ. ಹಳೆಯ ಎಷ್ಟೋ ಜೀಪುಗಳಲ್ಲಿ ನಾಲ್ಕು ಚಕ್ರಕ್ಕೂ ಒಂದೇ ಬ್ರೇಕ್ ಲೈನ್ ಇರುತ್ತದೆ. ಒಂದು ಕಡೆ ಸೋರಿದರೂ ಪೂರ್ತಿ ಬ್ರೇಕ್ ಹೋಗುತ್ತದೆ. ಘಾಟಿಯಲ್ಲಿ ಅದರ ಅರ್ಥವೇನೆಂದು ಹೇಳಬೇಕಿಲ್ಲ. ನಾವು ಮಾಸ್ಟರ್ ಸಿಲಿಂಡರ್, ವೀಲ್ ಸಿಲಿಂಡರ್, ಪೈಪು, ಲೈನಿಂಗ್ ಎಲ್ಲ ಹೊಸದು ಹಾಕಿದೆವು. ಕೊನೆಗೆ ಲೈನಿನ ಗಾಳಿ ತೆಗೆಯಬೇಕು. ತಂಗಿ ಪೆಡಲ್ ಒತ್ತಿ ಹಿಡಿಯುತ್ತಿದ್ದಳು, ನಾನು ಚಕ್ರದ ಬಳಿ ನಿಪ್ಪಲ್ ಸಡಿಲಿಸಿ ಮತ್ತೆ ಬಿಗಿ ಮಾಡುತ್ತಿದ್ದೆ. ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ ಶುರುಮಾಡಿ, ಗುಳ್ಳೆ ಬರುವುದು ನಿಲ್ಲುವವರೆಗೆ ಹೀಗೆಯೇ.

ಮೂರು ಎಚ್ಚರಿಕೆಗಳು. ಬರೀ ಜಾಕ್ ನಂಬಿ ಗಾಡಿಯ ಕೆಳಗೆ ಹೋಗಬೇಡಿ, ಗಟ್ಟಿ ಸ್ಟ್ಯಾಂಡ್ ಇಡಿ. ಹಳೆ ಬ್ರೇಕ್ ಲೈನಿಂಗಿನ ಧೂಳಿನಲ್ಲಿ ಆಸ್ಬೆಸ್ಟಾಸ್ ಇರಬಹುದು, ಊದಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ವೆಲ್ಡಿಂಗ್ ಮಾಡಿಸುವಾಗ ಬ್ಯಾಟರಿ ತೆಗೆದಿಡಿ.

ಪುಸ್ತಕ ಏನು ಹೇಳುತ್ತದೆ

ಸೆಕೆಂಡ್ ಹ್ಯಾಂಡ್ ಯಂತ್ರ ಕೊಂಡು, ಬಳಸುವ ಮೊದಲು ರಿಪೇರಿಗೆ ಮಾಡಿದ ಖರ್ಚು ಬಂಡವಾಳ ವೆಚ್ಚ, ಅದನ್ನು ಯಂತ್ರದ ಬೆಲೆಗೇ ಸೇರಿಸಬೇಕು ಎಂದು ಅಕೌಂಟೆನ್ಸಿಯಲ್ಲಿ ಓದಿದ್ದೇವೆ. ಆ ನಿಯಮದಂತೆ ನಮ್ಮ ಲೆಕ್ಕ ಹೀಗಿದೆ:

ಖರೀದಿ ಬೆಲೆ: 1,35,000 ರೂ.
ಕಾಗದಪತ್ರ, ವಿಮೆ: 14,000
ವೆಲ್ಡಿಂಗ್, ಟಿಂಕರಿಂಗ್: 38,000
ಬ್ರೇಕ್: 16,500
ಕ್ಲಚ್: 9,500
ಬೇರಿಂಗು, ಆಯಿಲ್ ಸೀಲು: 13,000
ವೈರಿಂಗ್: 7,000
ಟೈರು ಐದು: 26,000
ಪೇಂಟ್: 18,000
ಟಾರ್ಪಾಲಿನ ಹುಡ್: 8,000
ಒಟ್ಟು: 2,85,000 ರೂ.

ಕೊಂಡ ಬೆಲೆಗಿಂತ ಎರಡು ಪಟ್ಟಿಗೂ ಹೆಚ್ಚು. ಇಂಜಿನ್ ಬಿಚ್ಚುವ ಅಗತ್ಯ ಬೀಳಲಿಲ್ಲ, ಬಿದ್ದಿದ್ದರೆ ಮೊತ್ತ ಇನ್ನೂ ಏರುತ್ತಿತ್ತು. ನಮ್ಮ ಮನೆಯವರ ಕೂಲಿಯೂ ಇದರಲ್ಲಿ ಸೇರಿಲ್ಲ. ಆದ್ದರಿಂದ ನಿಮ್ಮ ಕೈಯಲ್ಲಿರುವ ಹಣಕ್ಕೆ ಸರಿಯಾಗಿ ಜೀಪು ಕೊಳ್ಳಬೇಡಿ. ಅರ್ಧ ಹಣಕ್ಕೆ ಗಾಡಿ, ಉಳಿದರ್ಧ ರಿಪೇರಿಗೆ ಎಂದು ಲೆಕ್ಕ ಹಾಕಿ.

ಇನ್ನೊಂದು ಪಾಠವೂ ಇದೆ. ಕೆಲಸ ಅರ್ಧ ಆದಾಗ ಅಬ್ಬಾ, “ಇಲ್ಲಿಗೇ ಮಾರಿಬಿಡೋಣವಾ?” ಎಂದರು. ಆಗಲೇ ಖರ್ಚಾದ ಹಣ ಹೇಗೂ ವಾಪಸ್ ಬರುವುದಿಲ್ಲ, ಹಾಗಾಗಿ ತೀರ್ಮಾನ ಮಾಡುವಾಗ ಅದನ್ನು ಬದಿಗಿಡಬೇಕು. ಇನ್ನು ಎಷ್ಟು ಬೇಕು, ಅದರಿಂದ ಏನು ಸಿಗುತ್ತದೆ ಎಂಬುದನ್ನಷ್ಟೇ ನೋಡಬೇಕು. ನಾನು ಉಳಿದ ಖರ್ಚಿನ ಪಟ್ಟಿ ಬರೆದು ಅವರ ಮುಂದಿಟ್ಟೆ. 62,000 ರೂ. ಆಗುತ್ತಿತ್ತು. ಅಷ್ಟು ಹಣಕ್ಕೆ ಆ ಗುಡ್ಡ ಹತ್ತುವ ಬೇರೆ ಗಾಡಿ ಸಿಗುವುದಿಲ್ಲ ಎಂದು ಅಬ್ಬಾ ಒಪ್ಪಿದರು.

ಜೀಪು ಈಗ ಓಡುತ್ತಿದೆ. ಓಡಿಸುವುದು ಮಾಮೂ, ನಾನಲ್ಲ. ನನಗೆ ಹದಿನೇಳು. 2019ರ ತಿದ್ದುಪಡಿಯಂತೆ ಹದಿನೆಂಟು ತುಂಬದವರು ಓಡಿಸಿ ಸಿಕ್ಕಿಬಿದ್ದರೆ ಪೋಷಕರಿಗೆ ಅಥವಾ ಮಾಲೀಕರಿಗೆ 25,000 ರೂ. ದಂಡ, ಮೂರು ವರ್ಷದವರೆಗೆ ಜೈಲು. ಆ ಖರ್ಚು ಹಾಕಲು ನನ್ನ ಪುಸ್ತಕದಲ್ಲಿ ಕಾಲಂ ಇಲ್ಲ. “ಲಾಭವಾಯಿತಾ?” ಎಂದು ಕ್ಲಾಸಿನವರು ಕೇಳುತ್ತಾರೆ. ಮಾರಿದರೆ ಹಾಕಿದಷ್ಟು ಬರುತ್ತದೆಂದು ನಾನು ಹೇಳಲಾರೆ. ಈ ಮಳೆಗಾಲದಲ್ಲಿ ನಾನಿ ಒಂದು ಸಲವೂ ಡಾಕ್ಟರ್ ಹೇಳಿದ ದಿನ ತಪ್ಪಿಸಿಲ್ಲ. ಡಿಗ್ರಿಯ ಹಣದಲ್ಲಿ ಅಬ್ಬಾ ಕೊಟ್ಟದ್ದನ್ನು ಮಾಮೂ ತಿಂಗಳಿಗೆ 5,000 ರೂ.ನಂತೆ ತೀರಿಸುತ್ತಿದ್ದಾರೆ. ಅದನ್ನೂ ಪುಸ್ತಕದಲ್ಲಿ ಬರೆಯುತ್ತಿದ್ದೇನೆ.