ಬುಸಾನಿನಲ್ಲಿ ಗೆದ್ದ ಶಿವಮ್ಮ

ನಮ್ಮ ಶಾಲೆಯ ಮಕ್ಕಳಲ್ಲಿ ಹಲವರಿಗೆ ಕೊರಿಯಾದ ಹಾಡುಗಳು ಬಾಯಿಪಾಠ. ಅರ್ಥ ಕೇಳಿದರೆ ನಗುತ್ತಾರೆ, ಹಾಡುವುದನ್ನು ಮಾತ್ರ ಬಿಡುವುದಿಲ್ಲ. ಅದೇ ಕೊರಿಯಾದಲ್ಲಿ 2022ರ ಅಕ್ಟೋಬರ್ ತಿಂಗಳಲ್ಲಿ ಒಂದು ಕನ್ನಡ ಚಿತ್ರಕ್ಕೆ ಪ್ರಶಸ್ತಿ ಬಂತು ಎಂದು ತರಗತಿಯಲ್ಲಿ ಹೇಳಿದಾಗ ಯಾರೂ ನಂಬಲಿಲ್ಲ. ಅದರ ಮಾತು ಕೊಪ್ಪಳದ ಕಡೆಯದು ಎಂದಾಗ ಒಬ್ಬ ಹುಡುಗ, "ಅದು ಸರಿಯಾದ ಕನ್ನಡವೇ ಮಿಸ್?" ಎಂದು ಕೇಳಿಯೇಬಿಟ್ಟ. ಆ ಪ್ರಶ್ನೆ ಮನಸ್ಸಿನಲ್ಲಿ ಉಳಿದದ್ದರಿಂದ ಈ ಲೇಖನ ಬರೆಯುತ್ತಿದ್ದೇನೆ.

ಮೊದಲು ಊರಿನ ವಿಷಯ. ಬುಸಾನ್ ದಕ್ಷಿಣ ಕೊರಿಯಾದ ಎರಡನೆಯ ದೊಡ್ಡ ನಗರ, ದೊಡ್ಡ ಬಂದರು. ಅಲ್ಲಿ 1996ರಲ್ಲಿ ಅಂತರರಾಷ್ಟ್ರೀಯ ಚಲನಚಿತ್ರೋತ್ಸವ ಆರಂಭವಾಯಿತು. ಕಾನ್, ವೆನಿಸ್, ಬರ್ಲಿನ್ ಉತ್ಸವಗಳಿಗೆ ಏಷ್ಯಾದ ಚಿತ್ರಗಳು ಅತಿಥಿಗಳಾಗಿ ಹೋಗುತ್ತವೆ. ಇಲ್ಲಿ ಮಾತ್ರ ಅವು ಮನೆಯವರು. ಭಾಷೆಯ ಪಾಠ ಮಾಡುವವಳಾದ್ದರಿಂದ ಇನ್ನೊಂದು ಸಂಗತಿ ಹೇಳದೆ ಇರಲಾರೆ: ಈ ಉತ್ಸವದ ಹೆಸರು ಮೊದಲು 'ಪುಸಾನ್' ಎಂದಿತ್ತು, 2011ರಲ್ಲಿ 'ಬುಸಾನ್' ಆಯಿತು. ಊರು ಬದಲಾಗಲಿಲ್ಲ, ಕೊರಿಯನ್ ಅಕ್ಷರವೂ ಬದಲಾಗಲಿಲ್ಲ. ನಮಗೆ ಪ ಬೇರೆ, ಬ ಬೇರೆ. ಅವರ ಆ ಒಂದು ಅಕ್ಷರದ ಉಚ್ಚಾರ ಇವೆರಡರ ನಡುವೆ ಎಲ್ಲೋ ಇದೆ. ಇಂಗ್ಲಿಷಿನಲ್ಲಿ ಬರೆಯುವ ಕ್ರಮ ಬದಲಾಯಿತು, ಅಷ್ಟೇ.

ಆ ಉತ್ಸವದ ಹೆಸರಾಂತ ಪ್ರಶಸ್ತಿ 'ನ್ಯೂ ಕರೆಂಟ್ಸ್', ಅಂದರೆ ಹೊಸ ಪ್ರವಾಹಗಳು. ಏಷ್ಯಾದ ನಿರ್ದೇಶಕರ ಮೊದಲನೆಯ ಅಥವಾ ಎರಡನೆಯ ಚಿತ್ರಕ್ಕೆ ಮಾತ್ರ ಆಗ ಇಲ್ಲಿ ಪ್ರವೇಶವಿತ್ತು. ಬೇರೆಬೇರೆ ದೇಶಗಳ ತೀರ್ಪುಗಾರರು ಚಿತ್ರಗಳನ್ನು ನೋಡಿ ಎರಡನ್ನು ಆರಿಸುತ್ತಿದ್ದರು. ನಮ್ಮ ಶಾಲೆಯ ಸ್ಪರ್ಧೆಗಳಂತೆ ಪ್ರಥಮ, ದ್ವಿತೀಯ ಎಂಬ ಭೇದವಿರಲಿಲ್ಲ, ಎರಡಕ್ಕೂ ಸಮಾನ ಗೌರವವಿತ್ತು. ತಲಾ 30,000 ಡಾಲರ್ ಬಹುಮಾನವಿತ್ತು. ಚೀನಾದ ಜಿಯಾ ಜಾಂಗ್‌ಕೆ 1998ರಲ್ಲಿ ಇದನ್ನು ಪಡೆದಾಗ ಅವರನ್ನು ಬಲ್ಲವರು ಕಡಿಮೆ. 2006ರಲ್ಲಿ ಅವರದೇ ಇನ್ನೊಂದು ಚಿತ್ರಕ್ಕೆ ವೆನಿಸ್‌ನ ಗೋಲ್ಡನ್ ಲಯನ್ ಬಂತು.

2022ರಲ್ಲಿ ಗೆದ್ದ ಎರಡು ಚಿತ್ರಗಳಲ್ಲಿ ಒಂದು ಕೊರಿಯಾದ್ದು, ಇನ್ನೊಂದು ಜೈಶಂಕರ್ ಆರ್ಯರ್ ಅವರ ಮೊದಲ ಚಿತ್ರ 'ಶಿವಮ್ಮ'. ನಿರ್ಮಾಪಕರು ರಿಷಬ್ ಶೆಟ್ಟಿ. ಕಥೆ ಕೊಪ್ಪಳ ಜಿಲ್ಲೆಯ ಯರೇಹಂಚಿನಾಳ ಎಂಬ ಹಳ್ಳಿಯದು. ಶಿವಮ್ಮ ಸರಕಾರಿ ಶಾಲೆಯಲ್ಲಿ ಬಿಸಿಯೂಟ ಮಾಡುವಾಕೆ. ಗಂಡ ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದಿದ್ದಾನೆ, ಮಗಳ ಮದುವೆ ಆಗಬೇಕು. ಯಾರೋ ಮಾರುವ ಶಕ್ತಿವರ್ಧಕ ಪುಡಿಯಿಂದ ಗಂಡ ಗುಣವಾಗುತ್ತಾನೆ, ಅದನ್ನೇ ನಾಲ್ಕು ಜನರಿಗೆ ಮಾರಿದರೆ ಸಾಲವೂ ತೀರುತ್ತದೆ ಎಂದು ನಂಬಿ ಕೂಡಿಟ್ಟ ಹಣ ಹಾಕುತ್ತಾಳೆ. ಸರಪಳಿ ವ್ಯಾಪಾರದ ಈ ಆಸೆ ಹಳ್ಳಿಗೆ ಮಾತ್ರ ಸೀಮಿತವಲ್ಲ ಎಂಬುದು ಹೊರದೇಶದಲ್ಲಿರುವ ನಮಗೂ ಚೆನ್ನಾಗಿ ಗೊತ್ತು. ಚಹಾಕ್ಕೆಂದು ಕರೆದು ಡಬ್ಬಿ ತೋರಿಸುವವರು ಎಲ್ಲಿಲ್ಲ? ಶಿವಮ್ಮನ ಪಾತ್ರ ಮಾಡಿದವರು ಶರಣಮ್ಮ ಚೆಟ್ಟಿ. ಉಳಿದವರಲ್ಲಿಯೂ ಹೆಚ್ಚಿನವರು ವೃತ್ತಿ ಕಲಾವಿದರಲ್ಲ, ಆ ಊರಿನ ಜನ. ಅವರು ಆಡುವುದು ಮನೆಯಲ್ಲಿ ಆಡುವ ಮಾತನ್ನೇ.

ಈಗ ಆ ಹುಡುಗನ ಪ್ರಶ್ನೆಗೆ ಬರೋಣ. ಬುಸಾನಿನ ತೀರ್ಪುಗಾರರಿಗೆ ಕನ್ನಡ ಬಾರದು. ಅವರು ಕೆಳಗಿನ ಅಡಿಬರಹ ಓದುತ್ತಾ ನೋಡುತ್ತಾರೆ. ಬೆಂಗಳೂರಿನ ಕನ್ನಡ, ಕೊಪ್ಪಳದ ಕನ್ನಡ ಎಂಬ ವ್ಯತ್ಯಾಸ ಅಡಿಬರಹದಲ್ಲಿ ಅಳಿಸಿಹೋಗುತ್ತದೆ. 'ಹ್ಯಾಂಗ' ಎಂದರೂ 'ಹೇಗೆ' ಎಂದರೂ ಇಂಗ್ಲಿಷಿನಲ್ಲಿ ಒಂದೇ. ಆದರೆ ಮಾತನಾಡುವವರ ಮುಖದಲ್ಲಿ, ಧ್ವನಿಯ ಏರಿಳಿತದಲ್ಲಿ ಸಹಜತೆ ಇದೆಯೋ ಇಲ್ಲವೋ ಎಂಬುದು ಭಾಷೆ ಬಾರದವರಿಗೂ ಕಾಣುತ್ತದೆ. ಆ ಊರಿನ ಹೆಂಗಸಿಗೆ ಪಠ್ಯಪುಸ್ತಕದ ಕನ್ನಡ ಆಡಿಸಿದ್ದರೆ ಅದು ಅಲ್ಲಿಯವರೆಗೆ ತಲುಪುತ್ತಿತ್ತೇ ಎಂಬುದು ನನಗೆ ಸಂದೇಹ. ಹಾಗಾಗಿ ಅವನಿಗೆ ನನ್ನ ಉತ್ತರ: ಹೌದು ಮರಿ, ಸರಿಯಾದ ಕನ್ನಡವೇ. ನಮ್ಮಲ್ಲಿ ಬೀದರ್, ರಾಯಚೂರು ಕಡೆಯ ಮಕ್ಕಳು ತರಗತಿಯಲ್ಲಿ ತಮ್ಮ ಮನೆಮಾತನ್ನು ನುಂಗಿಕೊಂಡು ಮಾತನಾಡುವುದನ್ನು ನೋಡಿದ್ದೇನೆ. ಅದರಲ್ಲಿ ತಿದ್ದುವ ಟೀಚರುಗಳ ಪಾಲೂ ಇದೆ, ನನ್ನದೂ.

ಬೇಸರದ ಸಂಗತಿಯೆಂದರೆ, ಬುಸಾನಿನಲ್ಲಿ ಗೆದ್ದ ಈ ಚಿತ್ರ ಕರ್ನಾಟಕದ ಚಿತ್ರಮಂದಿರಗಳಿಗೆ ಬಂದದ್ದು 2024ರ ಜೂನ್‌ನಲ್ಲಿ. ಅಷ್ಟರಲ್ಲಿ ಒಂದೂವರೆ ವರ್ಷ ಕಳೆದಿತ್ತು. ಪ್ರಶಸ್ತಿ ಹೆಸರನ್ನು ತಂದುಕೊಡುತ್ತದೆ, ಟಿಕೆಟ್ ಕೊಳ್ಳುವವರನ್ನು ತಂದುಕೊಡುವುದಿಲ್ಲ.

2025ರಲ್ಲಿ ಉತ್ಸವಕ್ಕೆ ಮೂವತ್ತನೆಯ ಆವೃತ್ತಿ. ಆ ವರ್ಷ ನಿಯಮಗಳೇ ಬದಲಾದವು. ಹೊಸಬರು, ಹಿರಿಯರು ಎನ್ನದೆ ಏಷ್ಯಾದ 14 ಚಿತ್ರಗಳನ್ನು ಒಂದೇ ಸ್ಪರ್ಧೆಗೆ ಇಟ್ಟರು. ಅತ್ಯುತ್ತಮ ಚಿತ್ರ ಪ್ರಶಸ್ತಿ ಜಾಂಗ್ ಲು ಎಂಬ ಹಿರಿಯ ನಿರ್ದೇಶಕರ ಪಾಲಾಯಿತು. ಹೊಸಬರ ಪ್ರತ್ಯೇಕ ವಿಭಾಗ ಉಳಿಯಲಿಲ್ಲ. 'ನ್ಯೂ ಕರೆಂಟ್ಸ್' ಹೆಸರು ಚೊಚ್ಚಲ ಚಿತ್ರಕ್ಕೆ ಕೊಡುವ ಒಂದು ಪ್ರಶಸ್ತಿಯಾಗಿ ಮುಂದುವರಿಯಿತು. ಹಳೆಯ ಕ್ರಮವೇ ಚೆನ್ನಾಗಿತ್ತು ಎಂದು ನನಗನ್ನಿಸುತ್ತದೆ. ಏಳನೆಯ ತರಗತಿಯವರನ್ನು ಹನ್ನೆರಡನೆಯ ತರಗತಿಯವರ ಜೊತೆ ಓಡಿಸಿದ ಹಾಗಾಯಿತು ಇದು.