ಭಾವ ಮೊದಲೋ, ದನಿ ಮೊದಲೋ

ಹೊಸ ಕವನ ಸಂಕಲನವೊಂದನ್ನು ಕೈಗೆತ್ತಿಕೊಂಡರೆ ಪದ್ಯಗಳಿಗಿಂತ ಮೊದಲು ನಾಲ್ಕೈದು ಪುಟ ಗದ್ಯ ಎದುರಾಗುತ್ತದೆ. ಹಿರಿಯರೊಬ್ಬರ ಮುನ್ನುಡಿ, ಕವಿಯ ಅರಿಕೆ, ನೆರವಾದವರ ನೆನಕೆ, ಹಿಂಬದಿಯಲ್ಲಿ ಬೆನ್ನುಡಿ. ಆ ಗದ್ಯದಲ್ಲಿ ಹೆಚ್ಚುಕಡಿಮೆ ತಪ್ಪದೆ ಬರುವ ಮಾತೊಂದಿದೆ: ಎದೆಯಲ್ಲಿ ಮಡುಗಟ್ಟಿದ್ದ ಭಾವನೆಗಳು ಇಲ್ಲಿ ಅಕ್ಷರರೂಪ ಪಡೆದಿವೆ. ವಿನಯದಿಂದ ಹೇಳಿದ ಈ ಮಾತಿನಲ್ಲಿ ಕಾವ್ಯದ ಬಗೆಗಿನ ಒಂದು ದೊಡ್ಡ ನಂಬಿಕೆ ಅಡಗಿದೆ. ಭಾವನೆ ಮೊದಲೇ ಇಡಿಯಾಗಿ ಸಿದ್ಧವಾಗಿತ್ತು, ಕವಿತೆ ಅದನ್ನು ತುಂಬಿಕೊಂಡ ಪಾತ್ರೆ ಮಾತ್ರ, ಪಾತ್ರೆ ಯಾವ ಲೋಹದ್ದಾದರೂ ಒಳಗಿನ ಹಾಲು ಅದೇ ಎಂಬ ನಂಬಿಕೆ. ಕನ್ನಡದ ನೂರು ವರ್ಷಗಳ ಮುಖ್ಯ ಸಂಕಲನಗಳನ್ನು ಮುಂದಿಟ್ಟುಕೊಂಡು ನೋಡಿದರೆ ಇದು ತಲೆಕೆಳಗಾದ ತಿಳಿವಳಿಕೆ ಎಂದು ನನಗನ್ನಿಸುತ್ತದೆ. ಆ ಪುಸ್ತಕಗಳಲ್ಲಿ ಹೊಸ ಭಾವ ಹುಟ್ಟಿದ್ದು ಕವಿಗೆ ಹೊಸ ದನಿಯೊಂದು ಸಿಕ್ಕ ಮೇಲೆ. ದನಿ ಎಂದರೆ ಲಯ, ಮಾತಿನ ವರಸೆ, ಯಾರನ್ನು ಕುರಿತು ಮಾತಾಡುತ್ತಿದ್ದೇನೆ ಎಂಬ ಖಚಿತ ಅರಿವು, ಮೂರೂ ಸೇರಿದ್ದು. ಅದು ಸಿಗುವವರೆಗೆ ಎದೆಯಲ್ಲಿರುವುದು ತಳಮಳ. ತಳಮಳಕ್ಕೂ ಕವಿತೆಯ ಭಾವಕ್ಕೂ ದೂರ ಬಹಳ.

ಆಧುನಿಕ ಕನ್ನಡ ಕವಿತೆಯ ಬಾಗಿಲು ತೆರೆದ ಪುಸ್ತಕವನ್ನೇ ನೋಡೋಣ. ಬಿ.ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ 1926ರಲ್ಲಿ ಪುಸ್ತಕವಾಗಿ ಬಂತು. ಅದರ ಬಹುಪಾಲು ಪದ್ಯಗಳು ಅನುವಾದ ಇಲ್ಲವೇ ರೂಪಾಂತರ. ಥಾಮಸ್ ಹುಡ್ ಲಂಡನ್ನಿನ ನದಿಗೆ ಹಾರಿ ಸತ್ತ ಹೆಣ್ಣೊಬ್ಬಳ ಬಗ್ಗೆ ಬರೆದದ್ದು ಇಲ್ಲಿ ‘ದುಃಖಸೇತು’ವಾಯಿತು. ಸ್ಕಾಟ್ಲೆಂಡಿನ ಒಂದು ಹಳ್ಳಿಗಾಡಿನ ಕಥನಗೀತೆ ‘ಮಾದ ಮಾದಿ’ ಆಯಿತು. ಅಂದರೆ ಇಲ್ಲಿನ ಶೋಕ, ಒಲವು, ವಿಷಾದಗಳ ಮೂಲ ಬಿಎಂಶ್ರೀ ಅವರ ಸ್ವಂತ ಬದುಕಲ್ಲ, ಕನ್ನಡನಾಡಿನ ಬದುಕೂ ಅಲ್ಲ. ಭಾವನೆ ಕವಿಯ ಎದೆಯಿಂದ ಉಕ್ಕಿ ಬಂದರೆ ಮಾತ್ರ ಕವಿತೆ ನಿಜವಾದದ್ದು ಎನ್ನುವುದಾದರೆ ಈ ಪುಸ್ತಕ ಸತ್ತೇ ಹುಟ್ಟಬೇಕಿತ್ತು. ಆದದ್ದು ಬೇರೆ. ಒಂದು ತಲೆಮಾರಿನ ಕವಿಗಳು ತಮ್ಮ ಸ್ವಂತದ ದುಃಖ ಸಂತೋಷಗಳನ್ನು ಹಾಡಲು ಕಲಿತದ್ದು ಈ ಎರವಲು ಭಾವಗಳ ಪುಸ್ತಕದಿಂದ. ಏಕೆಂದರೆ ಬಿಎಂಶ್ರೀ ತಂದುಕೊಟ್ಟದ್ದು ಭಾವವನ್ನಲ್ಲ, ಅದು ನಡೆದುಬರುವ ದಾರಿಯನ್ನು. ಪ್ರತಿ ಸಾಲಿನ ಎರಡನೆಯ ಅಕ್ಷರಕ್ಕೆ ಪ್ರಾಸ ಕಟ್ಟಲೇಬೇಕೆಂಬ ಹಳೆಯ ನಿರ್ಬಂಧವನ್ನು ಅವರು ಸಡಿಲಿಸಿದರು. ಮೂರು, ನಾಲ್ಕು, ಐದು ಮಾತ್ರೆಗಳ ಗಣಗಳನ್ನು ಹೊಸ ರೀತಿಯಲ್ಲಿ ಜೋಡಿಸಿದರು. ಆಡುಮಾತಿಗೆ ಹತ್ತಿರದ ನುಡಿಯನ್ನು ಆ ಗಣಗಳಲ್ಲಿ ಓಡಾಡಲು ಬಿಟ್ಟರು. ಆ ಮೇಲೆ ಬಂದ ಎಷ್ಟೋ ಭಾವಗೀತೆಗಳ ಕಣ್ಣೀರು ಈ ಮಾತ್ರೆಗಳ ಲೆಕ್ಕದಲ್ಲಿಯೇ ಹರಿಯಿತು.

ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯ ಒಬ್ಬನೇ ಕವಿಯ ಎರಡು ಪುಸ್ತಕಗಳ ನಡುವೆ ಸಿಗುತ್ತದೆ. ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’ 1942ರದು, ‘ಶಿಲಾಲತೆ’ 1958ರದು. ಎರಡರಲ್ಲೂ ಮನೆಯಿದೆ, ಹೆಂಡತಿಯಿದ್ದಾಳೆ, ಸಂಸಾರವಿದೆ. ‘ಮೈಸೂರ ಮಲ್ಲಿಗೆ’ಯ ಒಲವು ಮುಗ್ಧವಾಗಿ ಕಂಡರೂ ಅದರ ಹಿಂದೆ ಧೈರ್ಯದ ವಿಚಾರವೊಂದಿದೆ. ಪ್ರೇಮಕಾವ್ಯಕ್ಕೆ ರಾಜಕುಮಾರಿಯೂ ಬೇಡ, ಕದ್ದು ನಡೆಯುವ ಭೇಟಿಯೂ ಬೇಡ, ಶಾನುಭೋಗರ ಮನೆಯ ಹೆಣ್ಣು ಮತ್ತು ಅವಳ ಕೈಹಿಡಿದವನು ಸಾಕು ಎಂಬ ವಿಚಾರ. ಅದನ್ನು ಸಾಧಿಸಿಕೊಟ್ಟದ್ದು ಮೈಸೂರು ಸೀಮೆಯ ಮನೆಮಾತು ಮತ್ತು ಹಾಡಿಗೆ ಒದಗುವ ಲಯ. ತವರಿಗೆ ಹೋದ ಹೆಂಡತಿಯ ಹಂಬಲವನ್ನು ಅಲ್ಲಿನ ಒಂದು ಪದ್ಯದಲ್ಲಿ ಗಂಡನೂ ಹೇಳುವುದಿಲ್ಲ, ಹೆಂಡತಿಯೂ ಹೇಳುವುದಿಲ್ಲ. ಬಳೆ ಮಾರುವವನೊಬ್ಬ ಬಾಗಿಲಲ್ಲಿ ನಿಂತು ಸುದ್ದಿ ತಲುಪಿಸುತ್ತಾನೆ. ಹೇಳುವ ಬಾಯಿ ಬದಲಾದದ್ದರಿಂದಲೇ ಆ ವಿರಹಕ್ಕೆ ಅಷ್ಟು ಮರ್ಯಾದೆ, ಅಷ್ಟು ಆಳ. ಹದಿನಾರು ವರ್ಷಗಳ ನಂತರದ ‘ಶಿಲಾಲತೆ’ಯಲ್ಲಿ ಹಾಡಿನ ಇಳುಕಲಿಲ್ಲ. ಸಾಲುಗಳು ತಡೆದು ತಡೆದು ನಡೆಯುತ್ತವೆ, ಪ್ರತಿಮೆಗಳು ಒಂದರ ಪಕ್ಕದಲ್ಲೊಂದು ಬಂದು ಮೌನವಾಗಿ ನಿಲ್ಲುತ್ತವೆ. ಅಲ್ಲಿ ಅದೇ ಮನೆಯ ದಣಿವು, ಶಂಕೆ, ಮಾತು ಮುಗಿದ ಹೊತ್ತಿನ ಗಂಡಹೆಂಡಿರು ಕಾಣಿಸಿಕೊಳ್ಳುತ್ತಾರೆ. ಕವಿಗೆ ವಯಸ್ಸಾಯಿತು, ಅನುಭವ ಮಾಗಿತು ಎಂದು ಇದನ್ನು ವಿವರಿಸಬಹುದು, ಅದರಲ್ಲಿ ನಿಜವೂ ಇದೆ. ಆದರೆ ‘ಮೈಸೂರ ಮಲ್ಲಿಗೆ’ಯ ಲಯದಲ್ಲಿ ಆ ದಣಿವನ್ನು ಹೇಳಲು ಆಗುತ್ತಿರಲಿಲ್ಲ. ಆ ಲಯ ಎಂಥ ದಣಿವನ್ನೂ ಸಿಹಿ ಮಾಡಿಬಿಡುತ್ತಿತ್ತು. ನವ್ಯದ ಹೊತ್ತು ಒದಗಿಸಿದ ಬಿಚ್ಚು ಲಯ ಕೈಗೆ ಬಂದ ಮೇಲೆಯೇ ಮನೆಯೊಳಗಿನ ಆ ಕತ್ತಲು ಕವಿಗೂ ಸ್ಪಷ್ಟವಾಗಿ ಕಂಡಿರಬೇಕು.

ಗೋಪಾಲಕೃಷ್ಣ ಅಡಿಗರಲ್ಲಿ ಈ ತಿರುವು ಸಂಕಲನಗಳ ಹೆಸರಿನಲ್ಲಿಯೇ ಕೇಳಿಸುತ್ತದೆ. 1946ರಲ್ಲಿ ‘ಭಾವತರಂಗ’, ಎಂಟು ವರ್ಷಗಳಾದ ಮೇಲೆ 1954ರಲ್ಲಿ ‘ಚಂಡೆಮದ್ದಳೆ’. ಅಲೆಯ ಜಾಗಕ್ಕೆ ಕರಾವಳಿಯ ಯಕ್ಷಗಾನದ ಚರ್ಮವಾದ್ಯ ಬಂದು ಕೂತಿತು. ಸ್ವಾತಂತ್ರ್ಯ ಬಂದ ನಂತರದ ಭ್ರಮನಿರಸನ ಅಡಿಗರೊಬ್ಬರದೇ ಆಗಿರಲಿಲ್ಲ. ಆ ಕಾಲದ ಓದಿದವರೆಲ್ಲ ಹೋಟೆಲಿನಲ್ಲಿ, ರೈಲಿನಲ್ಲಿ ಆಡಿಕೊಳ್ಳುತ್ತಿದ್ದ ಬೇಸರ ಅದು. ಆ ಬೇಸರಕ್ಕೆ ಬಡಿತ, ವಕ್ರತೆ, ತನ್ನನ್ನೇ ಚುಚ್ಚಿಕೊಳ್ಳುವ ಮೊನೆ ಸಿಕ್ಕಾಗ ಅದು ಬೇಸರವಾಗಿ ಉಳಿಯದೆ ಒಂದು ನೈತಿಕ ಸಿಟ್ಟಾಯಿತು. ಎಲ್ಲರ ಬಳಿಯೂ ಇದ್ದ ಭಾವನೆಯಿಂದ ಒಬ್ಬರು ಮಾತ್ರ ಆ ಪದ್ಯಗಳನ್ನು ಬರೆದರು ಎಂಬ ಸಂಗತಿಯನ್ನು ‘ಅಕ್ಷರರೂಪ ಪಡೆದ ಭಾವನೆ’ ಎಂಬ ಮಾತು ವಿವರಿಸಲಾರದು.

ಇದು ಹೊಸ ಕಾಲದ ಕಂಡುಹಿಡಿಕೆಯೂ ಅಲ್ಲ. ನಮ್ಮ ಕಾವ್ಯಮೀಮಾಂಸೆ ಭಾವವನ್ನೂ ರಸವನ್ನೂ ಬೇರೆ ಬೇರೆ ಇಟ್ಟದ್ದು ಇದೇ ಕಾರಣಕ್ಕೆ. ಭಾವ ಎಲ್ಲರ ಮನಸ್ಸಿನಲ್ಲೂ ಇರುವಂಥದು. ಅದು ರಸವಾಗಬೇಕಾದರೆ ಭಾವವನ್ನು ಎಬ್ಬಿಸುವ ವಿಭಾವ, ಅದನ್ನು ಹೊರಗೆ ತೋರುವ ಅನುಭಾವ, ಜೊತೆಗೆ ಬಂದುಹೋಗುವ ವ್ಯಭಿಚಾರಿಭಾವಗಳೆಂಬ ಕಟ್ಟಡ ಬೇಕು. ಒಂಬತ್ತನೆಯ ಶತಮಾನದ ಕಾಶ್ಮೀರದ ಆನಂದವರ್ಧನ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಶೃಂಗಾರವೆಂದೋ ಶೋಕವೆಂದೋ ಹೆಸರಿಟ್ಟು ಕೂಗಿದ ಮಾತ್ರಕ್ಕೆ ರಸ ಹುಟ್ಟುವುದಿಲ್ಲ, ಅದು ಧ್ವನಿಸಬೇಕು ಎಂದು ‘ಧ್ವನ್ಯಾಲೋಕ’ದಲ್ಲಿ ವಾದಿಸಿದ. ಕನ್ನಡದ ಓದುಗರಿಗೆ ತೀ.ನಂ. ಶ್ರೀಕಂಠಯ್ಯನವರು 1953ರಲ್ಲಿ ‘ಭಾರತೀಯ ಕಾವ್ಯಮೀಮಾಂಸೆ’ ಬರೆದು ಇದನ್ನು ತಿಳಿಗನ್ನಡದಲ್ಲಿ ಬಿಡಿಸಿಟ್ಟಿದ್ದಾರೆ. ಇವತ್ತಿನ ಅನೇಕ ಸಂಕಲನಗಳ ದೊಡ್ಡ ತೊಡಕು ಇಲ್ಲಿಯೇ ಇದೆ. ಒಂಟಿತನ, ನೋವು, ವಿರಹ, ಮೌನ, ನೆನಪು ಎಂಬ ಶಬ್ದಗಳು ಪುಟಪುಟದಲ್ಲೂ ಬರುತ್ತವೆ, ಆದರೆ ಆ ಒಂಟಿತನ ಯಾವ ಊರಿನದು, ಯಾವ ಹೊತ್ತಿನದು, ಅಲ್ಲಿ ಒಲೆಯ ಮೇಲೆ ಏನು ಬೇಯುತ್ತಿತ್ತು ಎಂದು ತಿಳಿಯುವುದಿಲ್ಲ. ಭಾವದ ಹೆಸರಿದೆ, ಭಾವಕ್ಕೆ ನಿಲ್ಲಲು ನೆಲವಿಲ್ಲ.

ದನಿಯೇ ಮೊದಲು ಎಂಬ ಈ ವಾದಕ್ಕೆ ಗಂಭೀರವಾದ ಆಕ್ಷೇಪವೊಂದಿದೆ, ಅದನ್ನು ಬದಿಗೆ ಸರಿಸುವಂತಿಲ್ಲ. ದನಿ, ಲಯ, ಕಟ್ಟಡ ಎಂದು ಒತ್ತಿ ಹೇಳುವುದು ಓದು ಬರಹದ ಪರಂಪರೆ ಇದ್ದವರಿಗೆ ಅನುಕೂಲದ ಮಾತು. ಈಗಷ್ಟೇ ಬಾಯಿ ತೆರೆಯುತ್ತಿರುವವರ ಸಂಕಟಕ್ಕೆ, ಸಿಟ್ಟಿಗೆ ಇದು ಬಾಗಿಲು ಹಾಕುತ್ತದೆ ಎಂಬುದು ಆ ಆಕ್ಷೇಪ. ಕಾವ್ಯವನ್ನು ಛಂದಸ್ಸಿನ ಪಾಂಡಿತ್ಯದಿಂದ ಅಳೆದ ಕಾಲವೊಂದಿತ್ತು ಎಂಬುದನ್ನು ನೆನೆದರೆ ಈ ಅಳುಕು ಸಹಜ. ಆದರೆ ಕನ್ನಡದಲ್ಲಿ ಸಿಟ್ಟನ್ನು ಅತ್ಯಂತ ನೇರವಾಗಿ ಆಡಿದ ಪುಸ್ತಕವನ್ನೇ ಪರೀಕ್ಷಿಸಬೇಕು. ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ 1975ರಲ್ಲಿ ಬಂತು. ಶತಮಾನಗಳಿಂದ ಬೈಗುಳವಾಗಿ ಬಳಕೆಯಾಗಿದ್ದ ಹೆಸರನ್ನೇ ಅದು ಶೀರ್ಷಿಕೆಯಾಗಿ ಎತ್ತಿ ಹಿಡಿಯಿತು, ಅದರ ಪಕ್ಕದಲ್ಲಿ ‘ಹಾಡು’ ಎಂಬ ಶಬ್ದವನ್ನು ಇಟ್ಟಿತು. ಆ ಎರಡನೆಯ ಶಬ್ದವನ್ನು ನಾವು ಸಾಕಷ್ಟು ಗಮನಿಸಿಲ್ಲ. ಎಪ್ಪತ್ತರ ದಶಕದ ದಲಿತ ಚಳವಳಿಯ ಮೆರವಣಿಗೆಗಳಲ್ಲಿ, ಸಭೆಗಳಲ್ಲಿ ಸಿದ್ಧಲಿಂಗಯ್ಯನವರ ಪದ್ಯಗಳನ್ನು ಸಾವಿರಾರು ಜನ ಒಟ್ಟಿಗೆ ಹಾಡಿದರು. ಹಾಡಲು ಸಾಧ್ಯವಾದದ್ದು ಅವುಗಳಲ್ಲಿ ಜನಪದ ಹಾಡಿನ ಪಲ್ಲವಿ, ಒಂದರ ಬೆನ್ನಿಗೊಂದು ಏರುವ ಎಣಿಕೆಯ ಸಾಲು, ತಮಟೆಗೆ ಹೊಂದುವ ಹೆಜ್ಜೆ ಇದ್ದುದರಿಂದ. ಒಬ್ಬನ ಸಿಟ್ಟು ಸಮುದಾಯದ ಸಿಟ್ಟಾದದ್ದು ಆ ದನಿಯೊಳಗೆ. ಅದು ಪಾಠಶಾಲೆಯಲ್ಲಿ ಕಲಿತ ಛಂದಸ್ಸಲ್ಲ, ಕೇರಿಯಲ್ಲಿ ಕಿವಿಯಾರೆ ಪಡೆದದ್ದು. ಹನ್ನೆರಡನೆಯ ಶತಮಾನದ ವಚನಗಳ ಮಾತೂ ಇದೇ. ನಾನಾ ಕಸುಬಿನ ಗಂಡಸರು ಹೆಂಗಸರು ಸಂಸ್ಕೃತ ವೃತ್ತಗಳ ಹಂಗು ತೊರೆದರು, ಆದರೆ ಅಂಕಿತವನ್ನು, ಎದುರಿಗೊಬ್ಬನನ್ನು ನಿಲ್ಲಿಸಿ ಮಾತಾಡುವ ರೀತಿಯನ್ನು, ಸಮಾಂತರ ವಾಕ್ಯಗಳ ಬಿಗಿಯನ್ನು ತಾವೇ ಕಟ್ಟಿಕೊಂಡರು. ಹೊಸಬರಿಗೆ ಭಾವ ಸಾಕು, ದನಿಯ ಚಿಂತೆ ಬೇಡ ಎನ್ನುವುದೇ ಅವರನ್ನು ಕಡಿಮೆ ಮಾಡಿದಂತೆ. ಕನ್ನಡದ ದೊಡ್ಡ ದನಿಗಳಲ್ಲಿ ಹಲವು ಬಂದದ್ದು ಹೊಸಬರಿಂದಲೇ.

ಹೆಣ್ಣುಮಕ್ಕಳ ಕಾವ್ಯದಲ್ಲೂ ಇದು ಕಾಣುತ್ತದೆ. ಪ್ರತಿಭಾ ನಂದಕುಮಾರ್ ಅವರ ‘ನಾವು ಹುಡುಗಿಯರೇ ಹೀಗೆ’ ಎಂಬ ಹೆಸರಿನಲ್ಲಿರುವ ‘ನಾವು’ ಗೆಳತಿಯರ ನಡುವಿನ ಮಾತಿನದು. ಗಂಡಸರ ಸಭೆಗೆ ಅಹವಾಲು ಹೇಳುವ ದನಿ ಅದಲ್ಲ. ಹೆಂಗಸರು ಹೆಂಗಸರಿಗೆ ಆಡುವ ಮಾತಿನಲ್ಲಿ ಮಾತ್ರ ಹೊರಬೀಳುವ ಗುಟ್ಟು, ನಗು, ಸೋಲು ಒಟ್ಟಿಗೆ ಬಂದಾಗ ಅದುವರೆಗೆ ಕವಿತೆಯಲ್ಲಿ ಹೆಸರಿಲ್ಲದಿದ್ದ ಭಾವವೊಂದು ಕನ್ನಡಕ್ಕೆ ಸೇರಿತು.

ಇನ್ನೊಂದು ಆಕ್ಷೇಪ ಹೆಚ್ಚು ಆಪ್ತವಾದದ್ದು. ಸಾವಿನ ಎದುರು ಕೂತು ಬರೆದ ಪದ್ಯಗಳ ಬಗ್ಗೆ ಏನು ಹೇಳುತ್ತೀರಿ, ಅಲ್ಲಿ ದುಃಖವೇ ಮೊದಲಲ್ಲವೇ ಎಂಬುದು ಅದು. ಕವಿ ದ.ರಾ. ಬೇಂದ್ರೆ ಹಲವು ಮಕ್ಕಳನ್ನು ಕಳೆದುಕೊಂಡ ತಂದೆ. ಮಗುವಿನ ಸಾವಿನ ಹೊತ್ತಿನಲ್ಲಿ ಹೆಂಡತಿ ತನ್ನತ್ತ ನೋಡುವ ನೋಟದ ಮೇಲೆ ಅವರು ಬರೆದ ಪದ್ಯವನ್ನು ಓದಿ ಗಂಟಲು ಕಟ್ಟದವರು ಕಡಿಮೆ. ಆ ದುಃಖ ಪದ್ಯಕ್ಕಿಂತ ಮೊದಲೇ ಇತ್ತು, ಅದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಆ ಪದ್ಯ ದುಃಖವನ್ನು ಹೇಳಿಕೊಳ್ಳುವುದಿಲ್ಲ, ಸತ್ತ ಮಗುವನ್ನು ವರ್ಣಿಸುವುದಿಲ್ಲ. ಗಂಡನೊಬ್ಬ ಹೆಂಡತಿಗೆ ಧಾರವಾಡದ ಮನೆಮಾತಿನಲ್ಲಿ, ಹಾಗೆ ನೋಡಬೇಡ ಎಂದು ಬೇಡಿಕೊಳ್ಳುತ್ತಾನೆ, ಅಷ್ಟೇ. ತನ್ನ ದುಃಖಕ್ಕಿಂತ ಅವಳ ಕಣ್ಣನ್ನು ಎದುರಿಸಲಾಗದ ತನ್ನ ಅಸಹಾಯಕತೆ ಅಲ್ಲಿ ಮುಂದೆ ಬರುತ್ತದೆ. ತಂದೆಯ ಶೋಕವೆಂದು ಶುರುವಾಗಿರಬಹುದಾದದ್ದು ದಾಂಪತ್ಯದ ಆಳದ ಭಯವಾಯಿತು. ಆ ಸಂಬೋಧನೆ ಸಿಗದಿದ್ದರೆ ದುಃಖ ಉಳಿಯುತ್ತಿತ್ತು, ಈ ಪದ್ಯ ಇರುತ್ತಿರಲಿಲ್ಲ. ಬೇಂದ್ರೆಯವರ ಬದುಕಿನ ಕಥೆ ಗೊತ್ತಿಲ್ಲದ ಓದುಗನನ್ನೂ ಅದು ಅಲುಗಿಸುತ್ತದೆ ಎಂಬುದನ್ನು ಮರೆಯಬಾರದು.

ಹಾಗಾದರೆ ಸಂಕಲನ ಎಂಬ ಪುಸ್ತಕಕ್ಕೆ ಇಲ್ಲೇನು ಕೆಲಸ? ಬಿಡಿ ಪದ್ಯ ಪುರವಣಿಯಲ್ಲೋ ಫೇಸ್‌ಬುಕ್ಕಿನಲ್ಲೋ ಒಂದು ಕ್ಷಣ ಮಿಂಚಿ ಹೋಗುತ್ತದೆ. ಪುಸ್ತಕದಲ್ಲಿ ಅದಕ್ಕೆ ಅಕ್ಕಪಕ್ಕ ಬರುತ್ತದೆ. ಒಂದು ಪದ್ಯ ಹೇಳಿದ್ದನ್ನು ಹತ್ತು ಪುಟಗಳಾಚೆಯ ಇನ್ನೊಂದು ಪ್ರಶ್ನಿಸುತ್ತದೆ, ಭಾವ ವಿಚಾರವಾಗಿ ಬಲಿಯುವುದು ಈ ನೆರೆಹೊರೆಯಲ್ಲಿ. 2015ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕೆ.ವಿ. ತಿರುಮಲೇಶರ ‘ಅಕ್ಷಯ ಕಾವ್ಯ’ ಇದನ್ನು ಕೊನೆಯ ಅಂಚಿನವರೆಗೆ ಒಯ್ದ ಪುಸ್ತಕ. ನಾಯಕನಿಲ್ಲದ, ಕಥೆಯಿಲ್ಲದ, ಚೂರುಗಳಿಂದಲೇ ಕಟ್ಟಿದ ದೀರ್ಘಕಾವ್ಯ ಅದು. ಒಂದೊಂದು ಚೂರಿನಲ್ಲಿ ಹುಡುಕಿದರೆ ಸಿಗದ ಅಲೆಮಾರಿ ವಿಸ್ಮಯ ಇಡೀ ಪುಸ್ತಕದ ನಡಿಗೆಯಲ್ಲಿ ಮೂಡುತ್ತದೆ. ಮೊದಲ ಪುಸ್ತಕ ತರಲು ಹೊರಟ ಕವಿಗಳು ಐದಾರು ವರ್ಷಗಳಲ್ಲಿ ಬರೆದದ್ದನ್ನೆಲ್ಲ ಸೇರಿಸುವ ಅವಸರದಲ್ಲಿರುತ್ತಾರೆ. ಅವರ ಕಷ್ಟ ಅರ್ಥವಾಗುತ್ತದೆ. ಪ್ರಕಾಶಕರು ಸಿಗುವುದು ಅಪರೂಪ, ಎಷ್ಟೋ ಜನ ಕೈಯಿಂದ ಹಣ ಹಾಕಿ ಅಚ್ಚು ಹಾಕಿಸುತ್ತಾರೆ, ಮತ್ತೊಂದು ಅವಕಾಶ ಬಾರದಿರಬಹುದು. ಆದರೂ ಅರವತ್ತು ಪದ್ಯಗಳಲ್ಲಿ ಇಪ್ಪತ್ತೈದನ್ನು ಉಳಿಸಿ ಉಳಿದವನ್ನು ಪಕ್ಕಕ್ಕಿಟ್ಟರೆ, ಆ ಇಪ್ಪತ್ತೈದು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುವುದು ಕೇಳಿಸೀತು.

ದೂರದಲ್ಲಿ ಕೂತು ಬರೆದ ಕನ್ನಡ ಪುಸ್ತಕವೊಂದು ಇಲ್ಲಿ ನೆನಪಾಗುತ್ತದೆ. ಎ.ಕೆ. ರಾಮಾನುಜನ್ 1969ರಲ್ಲಿ ‘ಹೊಕ್ಕುಳಲ್ಲಿ ಹೂವಿಲ್ಲ’ ಪ್ರಕಟಿಸಿದಾಗ ಶಿಕಾಗೋದಲ್ಲಿ ಪಾಠ ಹೇಳುತ್ತಿದ್ದರು. ಅವರ ಇಂಗ್ಲಿಷ್ ಸಂಕಲನ ಮೂರು ವರ್ಷ ಮೊದಲೇ ಬಂದಿತ್ತು. ಪರದೇಶದಲ್ಲಿರುವ ಕನ್ನಡಿಗನಿಂದ ನಾವು ಊರಿನ ಹಂಬಲವನ್ನು ನಿರೀಕ್ಷಿಸುತ್ತೇವೆ. ಅವರು ಕೊಟ್ಟದ್ದು ವಿಷ್ಣುವಿನ ನಾಭಿಯ ಕಮಲವನ್ನು ಅಲ್ಲಗಳೆದು ಆರಂಭವಾಗುವ ಹೆಸರು. ಸಾಮಾನ್ಯ ಮನುಷ್ಯನ ಹೊಕ್ಕುಳಲ್ಲಿ ಬ್ರಹ್ಮನಿಲ್ಲ, ಸೃಷ್ಟಿಯ ತಾವರೆಯಿಲ್ಲ, ತಾಯಿಯಿಂದ ಕತ್ತರಿಸಿದ ಗುರುತು ಮಾತ್ರ ಇದೆ. ಊರಿನಿಂದ ಕತ್ತರಿಸಿಕೊಂಡವನ ಭಾವವನ್ನು ಆ ಎರಡು ಶಬ್ದಗಳು ಒಂದೇ ಒಂದು ಸಲವೂ ಹೆಸರಿಸುವುದಿಲ್ಲ.